ನನ್ನ ಮುಂದೆ ನಿಂತುಹೋಗುತ್ತಿದ್ದ ಮಾತು

ಮೊದಲು ಸಿಕ್ಕಿಕೊಂಡದ್ದು 'ನೀರು' ಎಂಬ ಮಾತು.

ಕಸ್ತೂರಿಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಬಿಸಿಲಲ್ಲಿ ಆಡಿ ಒಳಗೆ ಓಡಿ ಬಂದವಳು ನೀರಿನ ಹರವಿಯ ಹತ್ತಿರ ನಿಂತು, "ಅವ್ವಾ, ನೀ... ನೀ... ನೀ... ನೀರು" ಎಂದಳು. ನಾನು ನಕ್ಕೆ. "ಯಾಕವಾ, ಗಾಡಿ ಹುದಲಾಗ ಸಿಕ್ಕೊಂತೇನ?" ಎಂದೆ. ನಮ್ಮ ಅತ್ತೆಯೂ ನಕ್ಕರು. ನಮ್ಮನ್ನು ನೋಡಿ ಆಕೆಯೂ ನಕ್ಕಳು. ನೀರು ಕುಡಿದು ಮತ್ತೆ ಆಡಲು ಹೋದಳು.

ಮೊದಲು ನಕ್ಕವಳು ನಾನೇ.

ನಾನು ಕನ್ನಡ ಸಾಲಿಯ ಅಕ್ಕೋರು. ಊರು ಸಿಂದಗಿ ತಾಲೂಕಿನ ಒಂದು ಹಳ್ಳಿ, ಹೆಸರು ಬೇಡ. ಎರಡು ಖೋಲಿಯ ಸಾಲಿ. ದೊಡ್ಡ ಹುಡುಗರು ಹೆಡ್‌ಮಾಸ್ತರರ ಪಾಲಿಗೆ, ಒಂದರಿಂದ ನಾಲ್ಕನೆಯ ಇಯತ್ತೆಯವರು ನನ್ನ ಪಾಲಿಗೆ. ತವರು ಮಸೂತಿ ಎಂಬ ಊರು. ಮದುವೆಯಾಗಿ ಬಂದ ಮೇಲೆ ನೌಕರಿಯೂ ಇಲ್ಲೇ ಸಿಕ್ಕಿತು. ನಮ್ಮ ಮನೆಯವರು ಸಿಂದಗಿ-ಬಿಜಾಪುರ ಬಸ್ಸಿನ ಕಂಡಕ್ಟರ್. ಅವರಿಗೆ ಮಾತು ಕಮ್ಮಿ. ನನಗೆ ಮಾತೂ ಜಾಸ್ತಿ, ಸಿಟ್ಟೂ ಮೂಗಿನ ತುದಿಯಲ್ಲೇ. ಮೊದಲೇ ಹೇಳಿಬಿಟ್ಟರೆ ಚಲೋ.

ಮೊದಲ ನಾಲ್ಕು ತಿಂಗಳು ಅದು ಬರುತ್ತಿತ್ತು, ಹೋಗುತ್ತಿತ್ತು. ಒಂದು ವಾರ ಹುಡುಗಿ ಹುರಿಗಾಳಿನಂತೆ ಪಟಪಟ ಮಾತಾಡುವಳು. ಮರುವಾರ ಪ್ರತಿ ಮಾತಿನ ಬಾಗಿಲಲ್ಲೂ ಎಡವುವಳು. ನಮ್ಮ ಅತ್ತೆ ಬಜಿಯ ಬೇರು ತೇಯ್ದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿದರು. ಗಿಳಿ ಕಚ್ಚಿದ ಪ್ಯಾರಲ ಹಣ್ಣು ತಿನಿಸಿದರೆ ಬಾಯಿ ಬಿಚ್ಚುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ತೋಟದವರ ಮನೆಗೆ ಹೋಗಿ ಹುಡುಕಿ ತಂದರು. ನಾನು ಅವರನ್ನು ಗೇಲಿ ಮಾಡಿದೆ. "ಅತ್ತಿ, ಗಿಳಿ ಕಚ್ಚಿದ ಹಣ್ಣಿಂದ ಮಾತು ಬರ್ತಿದ್ರ ನಮ್ಮ ಸಾಲಿಗೆ ಸರಕಾರ ಗಿಳಿನ ನೇಮಿಸ್ತಿತ್ತು" ಎಂದೆ. ಪಾಪ, ಆ ಮುದುಕಿಯ ಔಷಧದಿಂದ ಗುಣವಾಗಲಿಲ್ಲ, ಖರೆ. ಆದರೆ ಹಣ್ಣು ತಿನ್ನಿಸಿ ತೊಡೆಯ ಮೇಲೆ ಕೂರಿಸಿಕೊಂಡು, ಕಸ್ತೂರಿ ಹೇಳುವುದನ್ನು ಮುಗಿಯುವ ತನಕ ಕೇಳುತ್ತಿದ್ದರು. ನಾನು ಅಷ್ಟನ್ನೂ ಮಾಡಲಿಲ್ಲ.

ಆರು ತುಂಬಿದಾಗ ಆಕೆ ಸಾಲಿಗೆ ಬಂದಳು. ಅಲ್ಲಿಂದ ನನ್ನ ತಪ್ಪಿನ ಕಥೆ ಶುರು.

ನಮ್ಮ ಕಡೆ ಮಾಸ್ತರ ಮಕ್ಕಳಿಗೆ ಒಂದು ಪೆಟ್ಟು ಜಾಸ್ತಿ. ಯಾಕೆಂದರೆ ಊರ ಮಂದಿ ನೋಡುತ್ತಿರುತ್ತಾರೆ. 'ತನ್ನ ಮಗಳಂತ ಬಿಟ್ಲು' ಅನ್ನಿಸಿಕೊಂಡರೆ ಮರುದಿನದಿಂದ ಬೇರೆ ಮಕ್ಕಳ ಮೇಲೆ ಛಡಿ ಎತ್ತುವ ಹಕ್ಕು ಇರುವುದಿಲ್ಲ. ನನ್ನ ಅಪ್ಪನೂ ಮಾಸ್ತರ. ಅವನೂ ಹಾಗೇ ಮಾಡಿದ್ದ. ಛಡಿ ಛಂ ಛಂ, ವಿದ್ಯಾ ಘಂ ಘಂ ಎಂದು ಹಾಡುತ್ತಲೇ ಬೆಳೆದವರು ನಾವು. ಹಾಗಾಗಿ ಮನೆಯಲ್ಲಿ ಅವ್ವ, ಸಾಲಿಯಲ್ಲಿ ಅಕ್ಕೋರು ಎಂದು ಕಸ್ತೂರಿಗೆ ಮೊದಲ ದಿನವೇ ಹೇಳಿಕೊಟ್ಟೆ. ಹೊಸ್ತಿಲು ದಾಟಿದರೆ ನಾನು ನಿನಗೆ ಏನೂ ಅಲ್ಲ ಎಂದೆ. ಆರು ವರ್ಷದ ಕೂಸಿಗೆ ಈ ಮಾತು.

ದಿನಾ ಸಂಜೆ ಸಾಲಿ ಬಿಡುವ ಮುಂಚೆ ಉಜಳಣಿ. ಎಲ್ಲರೂ ಎದ್ದು ನಿಂತು, ಒಂದೇ ದನಿಯಲ್ಲಿ ಮಗ್ಗಿ ಹೇಳಬೇಕು. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ಕಸ್ತೂರಿ ಆ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು. ಒಂದು ಅಕ್ಷರ ಸಿಕ್ಕಿಕೊಳ್ಳುತ್ತಿರಲಿಲ್ಲ. ಹದಿನೈದರ ಮಗ್ಗಿಯನ್ನೂ ನೀರು ಕುಡಿದಂತೆ ಹೇಳುತ್ತಿದ್ದಳು. ಪ್ರಾರ್ಥನೆಯ ಹಾಡಿನಲ್ಲೂ ಹಾಗೇ. ಆದರೆ ಮರುದಿನ ಒಬ್ಬಳನ್ನೇ ಎಬ್ಬಿಸಿ, "ಏಳರ ಮಗ್ಗಿ ಹೇಳು" ಎಂದರೆ ತುಟಿ ನಡುಗುವುದು, ಗದ್ದ ಮೇಲಕ್ಕೆ ಜಗ್ಗುವುದು, ಕಣ್ಣು ಬಿಗಿಯಾಗಿ ಮುಚ್ಚುವುದು. ಮಾತು ಬರುತ್ತಿರಲಿಲ್ಲ.

ನನಗೆ ಸಾಕ್ಷಿ ಸಿಕ್ಕಿತು ಅಂದುಕೊಂಡೆ. "ಹತ್ತು ಮಂದಿ ಸಂಗಾಟ ಬರ್ತೈತಿ, ಒಬ್ಬಾಕಿಗೆ ಬರೂದಿಲ್ಲೇನ? ಸೊಕ್ಕು ನಿಂದು!" ಎಂದೆ. ಅಂಗೈ ಮುಂದೆ ಮಾಡಿಸಿದೆ. ಒಂದಲ್ಲ, ಎರಡು ಪೆಟ್ಟು. ಎರಡನೆಯದು ನನ್ನ ಮಗಳಾಗಿದ್ದಕ್ಕೆ.

ಹೀಗೆ ಎರಡು ವರ್ಷ.

ಮಾತು ಸಿಕ್ಕಿಕೊಳ್ಳುವ ರೋಗಕ್ಕೆ ಯಾರನ್ನು ಕೇಳಬೇಕು ಎಂದು ನಾನು ಹುಡುಕಲೇ ಇಲ್ಲ. ರೋಗ ಅಂತ ಅಂದುಕೊಂಡಿದ್ದರೆ ತಾನೆ? ಊರಿನ ಮಂದಿ ಪತ್ರ ಓದಿಸಲು ನನ್ನ ಹತ್ತಿರ ಬರುತ್ತಿದ್ದರು. ಹೆಣ್ಣುಮಕ್ಕಳನ್ನು ಸಾಲಿ ಬಿಡಿಸಬೇಡಿ ಎಂದು ಮನೆಮನೆಗೆ ಹೋಗಿ ಜಗಳ ಮಾಡಿದವಳು ನಾನೇ. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ಆ ಗಾದೆಯನ್ನೂ ಮಕ್ಕಳಿಗೆ ಅರ್ಥ ಸಮೇತ ಹೇಳಿಕೊಟ್ಟಿದ್ದೆ. ಮನೆಯಲ್ಲಿ ಆಕೆ ಒಂದು ಮಾತು ಶುರು ಮಾಡಿದರೆ ನಾನು ಮುಗಿಸುತ್ತಿದ್ದೆ. "ರೊ... ರೊ..." ಎಂದರೆ "ರೊಟ್ಟಿ ಏನ? ತಗೋ." ನನಗೆ ಪುರಸೊತ್ತಿರಲಿಲ್ಲ. ಒಲೆ, ಸಾಲಿ, ದನ, ನೀರು. ಕೆಲವು ಸಲ ಆಕೆ ಬೇರೇನೋ ಹೇಳಲು ಹೊರಟಿರುತ್ತಿದ್ದಳು. ಆದರೂ ಸುಮ್ಮನೆ ರೊಟ್ಟಿ ಇಸಿದುಕೊಳ್ಳುತ್ತಿದ್ದಳು.

ನಮ್ಮ ಮನೆಯವರು ಒಂದೆರಡು ಸಲ, "ಬಿಡು, ಹೇಳ್ತಾಳ" ಅಂದರು. ಅಷ್ಟೇ. ನಾನು ಅವರ ಮೇಲೆಯೇ ತಿರುಗಿಬಿದ್ದೆ. "ಅಪ್ಪನೂ ಮೂಗ, ಮಗಳೂ ಮೂಗಿ, ಈ ಮನ್ಯಾಗ ನಾ ಒಬ್ಬಾಕಿನ ಒದರಬೇಕು!" ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಎಮರ್ಜೆನ್ಸಿಯ ಕಾಲ. ಸಾಹೇಬರುಗಳು ಹೇಳದೆ ಕೇಳದೆ ತಪಾಸಣೆಗೆ ಬರುತ್ತಿದ್ದರು. ಕಸ್ತೂರಿ ಆಗ ಮೂರನೆಯ ಇಯತ್ತೆ. ಒಂದು ದಿನ ಹನ್ನೊಂದರ ಸುಮಾರಿಗೆ ಜೀಪು ಬಂದು ನಿಂತಿತು. ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದರು. ಹಿಂದೆ ನಮ್ಮ ಹೆಡ್‌ಮಾಸ್ತರರು ಬೆವರು ಒರೆಸಿಕೊಳ್ಳುತ್ತ ನಿಂತರು. ಸಾಹೇಬರು ಒಳ್ಳೆಯವರೇ. ನಗುಮುಖ. ಮುಂದಿನ ಸಾಲಿನಲ್ಲಿ ಕೂತವಳನ್ನು ನೋಡಿ, "ಏಳವಾ ತಂಗಿ, ನಿನ್ನ ಹೆಸರೇನು?" ಎಂದರು.

ಮುಂದಿನ ಸಾಲಿನಲ್ಲಿ ಕೂತವಳು ಕಸ್ತೂರಿ.

ಆಕೆ ಎದ್ದು ನಿಂತಳು. "ಕ್... ಕ್..." ಎಂದಳು. ಗದ್ದ ಜಗ್ಗಿತು. ಕಣ್ಣು ಮುಚ್ಚಿತು. ಒಂದು ಕೈ ಲಂಗದ ಮಡಿಕೆಯಲ್ಲಿ ಏನನ್ನೋ ಹಿಡಿದುಕೊಂಡಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಕಾದರು, ನನ್ನ ಕಡೆ ತಿರುಗಿದರು. "ಯಾರ ಮಗಳ್ರೀ ಅಕ್ಕೋರ ಇಕಿ?"

"ಊರಾಗಿನ ಹುಡಿಗಿ ರೀ" ಎಂದೆ. "ಸ್ವಲ್ಪ ಮಂದ ಬುದ್ಧಿ ಐತ್ರಿ. ಬಾಜೂ ಕುಂತಾಕಿನ್ನ ಕೇಳ್ರಿ."

ನನ್ನ ಮಗಳೆಂದು ನಾನು ಹೇಳಲಿಲ್ಲ.

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಮೇಲಿನ ನಕಾಶೆ ನೋಡಿದರು. ಕಸ್ತೂರಿ ಕೂತಳು. ಅಳಲಿಲ್ಲ. ತಪಾಸಣೆ ಚಲೋ ಆಯಿತು, ವರದಿಯೂ ಚಲೋ ಬಂತು.

ಅವತ್ತಿನಿಂದ ಹುಡುಗಿ ಬಾಯಿ ಮುಚ್ಚಿದಳು. ಮನೆಯಲ್ಲಿ ಬೆರಳು ಮಾಡಿ ತೋರಿಸುವಳು. ಹಸಿವಾದರೆ ರೊಟ್ಟಿ ಬುಟ್ಟಿಯ ಹತ್ತಿರ ಹೋಗಿ ಕೂಡುವಳು. ನಾನು ಮೊದಲ ನಾಲ್ಕು ದಿನ ಅದನ್ನೂ ಹಠ ಎಂದೇ ತಿಳಿದೆ. ಐದನೆಯ ದಿನ ಸಂಜೆ ಉಜಳಣಿಯ ಹೊತ್ತಿಗೆ ಏನೋ ಕೊರತೆ ಅನ್ನಿಸಿತು. ಗುಂಪಿನ ದನಿ ತೆಳ್ಳಗಾಗಿತ್ತು. ನೋಡಿದರೆ ಕಸ್ತೂರಿಯ ತುಟಿ ಅಲುಗುತ್ತಿರಲಿಲ್ಲ. ಒಂದು ತಡೆಯೂ ಇಲ್ಲದೆ ಬರುತ್ತಿದ್ದ ಆ ಒಂದೇ ಮಾತನ್ನೂ ಬಿಟ್ಟುಬಿಟ್ಟಿದ್ದಳು.

ಐತವಾರ ತಲೆಗೆ ಎರೆಯಲು ಕೂರಿಸಿದೆ. ಬಲತೊಡೆಯ ಮೇಲೆ ನೀಲಿ ಕಲೆಗಳು. ಹಳೆಯವು ಹಳದಿಗೆ ತಿರುಗಿದ್ದವು, ಹೊಸವು ಕಪ್ಪಾಗಿದ್ದವು. ಯಾರು ಹೊಡೆದರು ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಆಮೇಲೆ ತನ್ನ ಎರಡು ಬೆರಳಿಂದ ತೊಡೆಯನ್ನು ಚಿವುಟಿ ತೋರಿಸಿದಳು. ಬಾಯಿ ತೆರೆದಳು, ಮಾತು ಹೊರಗೆ ತಳ್ಳುವಂತೆ ಗದ್ದ ಎತ್ತಿದಳು, ಮತ್ತೆ ಚಿವುಟಿದಳು.

ಮಾತು ಹೊರಗೆ ಬರಲಿ ಎಂದು ತನ್ನನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು.

ಎರಡು ವರ್ಷದಿಂದ. ನನ್ನ ಮುಂದೆ, ನಾನು ಎಬ್ಬಿಸಿ ನಿಲ್ಲಿಸಿದಾಗೆಲ್ಲ. ಬಿಸಿನೀರಿನ ತಂಬಿಗೆ ಕೈಯಲ್ಲೇ ಉಳಿಯಿತು. ನಾನು ಬಚ್ಚಲಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟೆ. ನಮ್ಮ ಅತ್ತೆ ಓಡಿ ಬಂದು ಕೂಸನ್ನು ಎತ್ತಿಕೊಂಡರು. ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡುವಂಥದ್ದೂ ಇರಲಿಲ್ಲ.

ಸಿಂದಗಿಯ ಡಾಕ್ಟರು ಗಂಟಲು ನೋಡಿದರು, ನಾಲಿಗೆ ಹೊರಗೆ ಹಾಕಿಸಿದರು, ಕಿವಿಯಲ್ಲಿ ಬ್ಯಾಟರಿ ಹಿಡಿದರು. "ಎಲ್ಲಾ ಬರೋಬರಿ ಐತ್ರಿ. ಆದ್ರ ಇದು ನನ್ನ ಕೆಲಸ ಅಲ್ಲ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗ್ರಿ. ಮಾತಿನ ತೊಂದ್ರಿ ನೋಡಾಕ ಅಲ್ಲೊಬ್ಬರು ಬಂದಾರ" ಎಂದು ಚೀಟಿ ಬರೆದುಕೊಟ್ಟರು. ಮಾತಿಗೂ ಡಾಕ್ಟರು ಇರುತ್ತಾರೆಂದು ಅವತ್ತು ಗೊತ್ತಾಯಿತು. ನಾನು ಟ್ರೇನಿಂಗ್ ಆದ ಮಾಸ್ತರಣಿ.

ನಮ್ಮ ಮನೆಯವರೂ ರಜೆ ಹಾಕಿ ಸಂಗಡ ಬಂದರು. ಹುಬ್ಬಳ್ಳಿಯಲ್ಲಿ ಓಪಿಡಿ ಚೀಟಿ, ಕೇಸ್ ಪೇಪರ್, ಇ.ಎನ್.ಟಿ. ಹೊರಗೆ ಸಾಲು. ಕಿವಿಗೆ ಯಂತ್ರ ಹಚ್ಚಿ ಆಡಿಯೋಗ್ರಾಮ್ ತೆಗೆದರು. ಕಿವಿ ನಾರ್ಮಲ್. ಕೊನೆಗೆ ಒಂದು ಸಣ್ಣ ಖೋಲಿಗೆ ಕಳಿಸಿದರು. ಅಲ್ಲಿ ಇಪ್ಪತ್ತೈದರ ಒಬ್ಬ ಹುಡುಗಿ, ಮೈಸೂರು ಕಡೆಯವಳು. ಸ್ಪೀಚ್ ಥೆರಪಿಸ್ಟ್ ಅಂತೆ. "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎಂದಳು. ಅವಳ ಮೆತ್ತಗಿನ ಮಾತು ಕೇಳಿ, ಇಷ್ಟು ಸಾವಕಾಶ ಮಾತಾಡುವವಳು ಇನ್ನೊಬ್ಬರಿಗೆ ಏನು ಮಾತು ಕಲಿಸುತ್ತಾಳೆ ಎಂದು ನಾನು ಅಂದುಕೊಂಡೆ. ನನ್ನ ಬುದ್ಧಿ ಅಷ್ಟು.

ಅವಳು ಬರೆದುಕೊಳ್ಳುತ್ತ ಕೇಳಿದಳು. ಯಾವಾಗ ಶುರುವಾಯಿತು, ಯಾವ ಮಾತಿನಲ್ಲಿ ಜಾಸ್ತಿ, ಯಾರ ಮುಂದೆ ಜಾಸ್ತಿ. ಎಲ್ಲಕ್ಕೂ ನಾನೇ ಉತ್ತರ ಕೊಟ್ಟೆ. ಆಮೇಲೆ, "ಮನೇಲಿ ಬೇರೆ ಯಾರಿಗಾದರೂ ಉಗ್ಗು ಇದೆಯಾ?" ಎಂದಳು.

"ಇಲ್ರಿ" ಎಂದೆ.

"ನ... ನ... ನನಗ ಐತ್ರಿ" ಎಂದರು ನಮ್ಮ ಮನೆಯವರು.

ನಾನು ತಿರುಗಿ ನೋಡಿದೆ. ಮದುವೆಯಾಗಿ ಹನ್ನೊಂದು ವರ್ಷ. ಅವರ ಬಾಯಲ್ಲಿ ಒಂದು ಅಕ್ಷರ ಎಡವಿದ್ದನ್ನು ನಾನು ಕೇಳಿರಲಿಲ್ಲ. ಯಾಕೆಂದರೆ ಎಡವುವ ಮಾತನ್ನು ಅವರು ಹೇಳುತ್ತಲೇ ಇರಲಿಲ್ಲ. ಒಂದು ಮಾತು ಬಾರದಿದ್ದರೆ ಇನ್ನೊಂದು, ಅದೂ ಬಾರದಿದ್ದರೆ ಸುಮ್ಮನಿರುವುದು. ಬಸ್ಸಿನಲ್ಲಿ ಊರ ಹೆಸರುಗಳನ್ನು ರಾಗವಾಗಿ "ಹಿಪ್ಪರಗೀ, ಹಿಪ್ಪರಗೀ" ಎಂದು ಕೂಗುತ್ತಿದ್ದರು. ಮಂದಿ ಅದನ್ನು ಅವರ ಸ್ಟೈಲು ಎಂದು ನಗುತ್ತಿದ್ದರು. ರಾಗದಲ್ಲಿ ಹೇಳಿದರೆ ಬರುತ್ತದೆ ಎಂದು ಅವರು ತಾವೇ ಕಂಡುಕೊಂಡಿದ್ದರು. ನಾನು ಸ್ವಭಾವ ಎಂದುಕೊಂಡಿದ್ದೆ. ಮೂಗ ಎಂದು ಬೈದಿದ್ದೆ.

"ಯಾಕ ಹೇಳಲಿಲ್ರಿ?" ಎಂದೆ, ಆ ಹುಡುಗಿಯ ಎದುರೇ.

"ನನ್ನಿಂದ ಬಂತು ಅಂತಿದ್ದಿ" ಎಂದರು. ಸ್ವಲ್ಪ ತಡೆದು, "ಹೇ... ಹೇಳಬೇಕಿತ್ತು" ಎಂದರು. ಅವರ ಕಣ್ಣು ತುಂಬಿತ್ತು.

ಥೆರಪಿಸ್ಟ್ ನಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿದಳು. ಬಾಗಿಲು ಮುಚ್ಚಿತು. ಹೊರಗಿದ್ದ ಕಟ್ಟಿಗೆಯ ಬಾಕಿನ ಮೇಲೆ ಕೂತೆವು. ಎಷ್ಟೋ ಹೊತ್ತು ಒಳಗಿನಿಂದ ಏನೂ ಕೇಳಲಿಲ್ಲ. ಆಮೇಲೆ ಕಸ್ತೂರಿಯ ದನಿ. ತಡೆಯುತ್ತ, ಎಡವುತ್ತ, ಆದರೂ ಹೇಳುತ್ತಿದ್ದಳು. ನಮ್ಮ ಆಡು ಎರಡು ಮರಿ ಹಾಕಿದ್ದು, ಒಂದು ಮರಿ ಅಜ್ಜಿಯ ಸೀರೆ ತಿಂದದ್ದು. ಮೂರು ವಾರದಿಂದ ಕೇಳದ ದನಿ. ಅದೂ ಇನ್ಯಾರದೋ ಮುಂದೆ.

ಹೊರಗೆ ಬಂದ ಥೆರಪಿಸ್ಟ್ ಮೆಲ್ಲಗೆ ಹೇಳಿದಳು. "ಇದು ಸ್ಟ್ಯಾಮರಿಂಗ್ ಅಮ್ಮಾ. ಸೊಕ್ಕಲ್ಲ, ದಡ್ಡತನ ಅಲ್ಲ. ಮಗು ತುಂಬಾ ಚುರುಕಾಗಿದೆ. ಗುಂಪಲ್ಲಿ ಹೇಳುವಾಗ, ಹಾಡುವಾಗ ಉಗ್ಗು ಇರೋಲ್ಲ. ಉಗ್ಗೋರಲ್ಲಿ ಸಾಮಾನ್ಯವಾಗಿ ಹಾಗೇನೇ. ತನ್ನ ಹೆಸರು ಹೇಳೋದು ಬಹಳ ಜನಕ್ಕೆ ಎಲ್ಲಕ್ಕಿಂತ ಕಷ್ಟ." ನಾನು ತಲೆ ತಗ್ಗಿಸಿದೆ. "ಬೈದದ್ದರಿಂದ ಶುರುವಾಗಿದ್ದಲ್ಲ. ಆದರೆ ಬೈದಷ್ಟೂ, ಹೊಡೆದಷ್ಟೂ ಗಟ್ಟಿಯಾಗುತ್ತೆ. ಅವಳ ಮಾತು ಎಲ್ಲಕ್ಕಿಂತ ಜಾಸ್ತಿ ನಿಲ್ಲೋದು ನಿಮ್ಮ ಮುಂದೆ."

ನನ್ನ ಮುಂದೆ.

ಗುಳಿಗೆ ಕೊಡಲಿಲ್ಲ. ಕೆಲಸ ಕೊಟ್ಟಳು, ಹೆಚ್ಚಿನದು ನನಗೇ. ದಿನಾ ಅರ್ಧ ತಾಸು ಮಗಳ ಜೊತೆ ಕೂಡಬೇಕು. ಪ್ರಶ್ನೆ ಕೇಳಬಾರದು. ನಾನು ಸಾವಕಾಶ ಮಾತಾಡಬೇಕು. ಆಕೆ ಮಾತಾಡಿದರೆ ಮುಖ ನೋಡುತ್ತ ಮುಗಿಯುವ ತನಕ ಕಾಯಬೇಕು. 'ಹೆದರಬ್ಯಾಡ, ಸಾವಕಾಶ ಹೇಳು' ಎಂದೂ ಅನ್ನಬಾರದು. ಮುಖ್ಯವಾಗಿ ಆಕೆಯ ಮಾತನ್ನು ನಾನು ಮುಗಿಸಬಾರದು. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಬರಬೇಕು.

ಊರಿಗೆ ಬಂದ ಮೇಲೆ ಸಾಲಿ ಬಿಟ್ಟು ಮನೆಗೆ ಹೋಗಿ, ಇಬ್ಬರೂ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆವು. ಕೈಗೆ ಕೆಲಸವಿದ್ದರೆ ಸುಮ್ಮನಿರುವುದು ಸಲೀಸು. ನಾನು ಹರಳು ಆರಿಸುತ್ತ, ಅವತ್ತಿನ ಸುದ್ದಿ ಏನಾದರೂ ಹೇಳುತ್ತಿದ್ದೆ. ಆಕೆ ಕೇಳುತ್ತಿದ್ದಳೋ ಇಲ್ಲವೋ. ಒಂದು ವಾರ ಏನಿಲ್ಲ. ಹದಿನೈದು ದಿನ ಏನಿಲ್ಲ. ನನ್ನ ನಾಲಿಗೆ ಕಡಿಯುತ್ತಿತ್ತು, 'ಏನರ ಮಾತಾಡ ನಮ್ಮವ್ವ' ಎಂದು ಒದರಬೇಕು ಅನ್ನಿಸುತ್ತಿತ್ತು. ಇಷ್ಟು ವರ್ಷ ಛಡಿ ಹಿಡಿದವಳಿಗೆ ಸುಮ್ಮನೆ ಕೂಡುವುದು ಎಷ್ಟು ಕಷ್ಟ ಎಂದು ಆಗಲೇ ತಿಳಿದದ್ದು. ಇಪ್ಪತ್ತೆರಡನೆಯ ದಿನ ಆಕೆ, "ಹು... ಹು... ಹುಳ" ಎಂದಳು. ಮೊರದಲ್ಲಿ ಒಂದು ನುಸಿ ಹುಳ ಹರಿಯುತ್ತಿತ್ತು. "ಹೌದವಾ, ಹುಳ" ಎಂದೆ. ಅಷ್ಟೇ ಮಾತು ಅವತ್ತು. ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆ ದಿನಗಳಲ್ಲೇ ನನಗೆ ಮಾಲನಬಿ ನೆನಪಾದಳು. ಮೂರು ವರ್ಷದ ಹಿಂದೆ ನನ್ನ ಇಯತ್ತೆಯಲ್ಲಿದ್ದ ಹುಡುಗಿ. ಉಗ್ಗುತ್ತಿರಲಿಲ್ಲ, ಆದರೆ ಹೇಳಿದ್ದು ತಿಳಿಯುತ್ತಿರಲಿಲ್ಲ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದನ್ನೂ ಮರೆಯುವಳು. ವಸ್ತುವಿನ ಹೆಸರು ನೆನಪಾಗದೆ 'ಅದು, ಅದು' ಎನ್ನುವಳು. ನಾನು ಆಕೆಗೆ 'ಅದು-ಅದು' ಎಂದೇ ಹೆಸರಿಟ್ಟಿದ್ದೆ. ಇಡೀ ಸಾಲಿ ಹಾಗೇ ಕರೆಯಿತು. ಒಂದು ದಿನ ಆಕೆ ಬರುವುದು ಬಿಟ್ಟಳು. ಎರಡನೆಯ ಸಲ ಹುಬ್ಬಳ್ಳಿಗೆ ಹೋದಾಗ ಥೆರಪಿಸ್ಟ್‌ಗೆ ಆಕೆಯ ವಿಷಯ ಹೇಳಿದೆ. "ಅದೂ ಒಂದು ತೊಂದರೇನೇ ಅಮ್ಮಾ, ಕರ್ಕೊಂಡು ಬನ್ನಿ, ನೋಡೋಣ" ಎಂದಳು. ಬಂದವಳೇ ಮಾಲನಬಿಯ ಮನೆಗೆ ಹೋದೆ. ಆಕೆಯ ತಾಯಿ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಕೂಡ್ರಿ ಅನ್ನಲಿಲ್ಲ.

"ಮುದ್ದೇಬಿಹಾಳದಾಗ ಅವರ ಮಾಮಾನ ಮನ್ಯಾಗ ಅದಾಳ್ರಿ, ಕೂಸು ಆಡಸಾಕ" ಎಂದಳು. "ಈಗ್ಯಾಕ ಬಂದ್ರಿ ಅಕ್ಕೋರ?"

ನಾನು ಬಂದ ಕಾರಣ ಹೇಳಿದೆ. ಆಕೆ ಸೂಜಿ ನಿಲ್ಲಿಸದೆ ಕೇಳಿದಳು. "ನೋಡೂಣ್ರಿ" ಎಂದಳು. ಮತ್ತೆ ಎರಡು ಸಲ ಹೋದೆ. ಮಾಲನಬಿ ಬರಲಿಲ್ಲ. ಆ ತಪ್ಪು ನನ್ನ ಹತ್ತಿರವೇ ಉಳಿಯಿತು.

ಕಸ್ತೂರಿ ಮಾತ್ರ ದಿನಕ್ಕೊಂದು ಮಾತು, ಆಮೇಲೆ ಎರಡು, ಆಮೇಲೆ ಮೊರ ತುಂಬ ಮಾತು ಎಂಬಂತೆ ಹತ್ತಿರ ಬಂದಳು. ಉಗ್ಗು ಇತ್ತು, ಚಿವುಟುವುದು ನಿಂತಿತ್ತು. ನಾನು ಸಾಲಿಯಲ್ಲಿ ಯಾರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಮಗ್ಗಿ ಹೇಳಿಸುವುದನ್ನು ಬಿಟ್ಟೆ. ಪಾಟಿಯ ಮೇಲೆ ಬರೆಯಿರಿ ಎಂದೆ. ಹೆಡ್‌ಮಾಸ್ತರರು, "ಅಕ್ಕೋರ ಮೆತ್ತಗಾದ್ರು" ಎಂದು ನಕ್ಕರು. ಸಾಲಿಯಲ್ಲೂ ಕಸ್ತೂರಿ ನನ್ನನ್ನು ಅವ್ವಾ ಅಂತಲೇ ಕರೆಯಲಿ ಎಂದು ನಾನೇ ಹೇಳಿದೆ.

ಹುಬ್ಬಳ್ಳಿಗೆ ಐದನೆಯ ಸಲ ಹೋಗಿ ಬಂದ ಮರುದಿನ. ಮೊರದಲ್ಲಿ ಜೋಳ ಮುಗಿಯುತ್ತ ಬಂದಿತ್ತು. ಕಸ್ತೂರಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅವ್ವಾ, ಸಾ... ಸಾ... ಸಾ..."

ಸಾಹೇಬರು. ಮೊದಲ ಅಕ್ಷರಕ್ಕೇ ನನಗೆ ತಿಳಿಯಿತು. ಪೂರ್ತಿ ಪ್ರಶ್ನೆ ನನ್ನ ಬಾಯಲ್ಲೇ ಇತ್ತು. ಆಕೆಯ ಗದ್ದ ಜಗ್ಗುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ನಾನು ಆ ಮಾತನ್ನು ಮುಗಿಸಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ನಾನು ಕಾದೆ.

"ಸಾ... ಸಾಹೇಬ್ರ ಮುಂದ, ನಾ... ನಾ ನಿನ್ನ ಮ... ಮ... ಮಗಳಂತ ಯಾಕ ಹೇಳಲಿಲ್ಲ?"

ಏನೇನೋ ಹೇಳಬಹುದಿತ್ತು. ಸಾಲಿಯಲ್ಲಿ ನಾನು ಅಕ್ಕೋರು ಅಲ್ಲವೇ, ರೀತಿ ಹಾಗಲ್ಲವೇ ಎನ್ನಬಹುದಿತ್ತು. ಸುಳ್ಳು ಹೇಳಲು ನನಗೇನೂ ಉಗ್ಗು ಇರಲಿಲ್ಲ.

"ನನ್ನ ಮಗಳು ಅನ್ನಾಕ ನಂಗ ನಾಚಿಕಿ ಬಂದಿತ್ತ ಕಸ್ತೂರಿ" ಎಂದೆ. "ತಪ್ಪು ಮಾಡೀನಿ. ನಂದ ತಪ್ಪು."

ಆಕೆ ಮೊರದಿಂದ ಒಂದು ಹರಳು ಆರಿಸಿ ಹೊರಗೆ ಎಸೆದಳು.

"ಗ... ಗೊತ್ತಿತ್ತು" ಎಂದಳು.

ಎಂಟು ವರ್ಷದ ಹುಡುಗಿಗೆ ಅದು ಗೊತ್ತಿತ್ತು. ಗೊತ್ತಿಟ್ಟುಕೊಂಡೇ ಅಷ್ಟು ದಿನ ನನ್ನ ಎದುರಿಗೆ ಕೂತು ಜೋಳ ಹಸನು ಮಾಡಿದ್ದಳು. ನಾನು ಹೇಳುತ್ತೇನೋ ಇಲ್ಲವೋ ಎಂದು ಆಕೆಯೂ ಕಾಯುತ್ತಿದ್ದಳು ಅನ್ನಿಸುತ್ತದೆ.

ಈಗ ಆಕೆ ನಾಲ್ಕನೆಯ ಇಯತ್ತೆ. ಉಗ್ಗು ಹೋಗಿಲ್ಲ. ಪೂರ್ತಿ ಹೋಗದೇ ಇರಬಹುದು ಎಂದು ಥೆರಪಿಸ್ಟ್ ಹೇಳಿದ್ದಾಳೆ. ಕೆಲವು ದಿನ ಚಲೋ ಇರುತ್ತದೆ, ಕೆಲವು ದಿನ ಬಾಯಿ ಬಿಚ್ಚುವುದೇ ಕಷ್ಟ. ಅಪ್ಪ ಮಗಳು ಇಬ್ಬರೂ ಈಗ ಮನೆಯಲ್ಲಿ ಬೇಕಾದಷ್ಟು ಉಗ್ಗುತ್ತ ಹರಟೆ ಹೊಡೆಯುತ್ತಾರೆ. ಒಂದು ಸುದ್ದಿ ಮುಗಿಯಲು ಹೊತ್ತು ಹಿಡಿಯುತ್ತದೆ. ನಡುವೆ ನಾನು ಬಾಯಿ ಹಾಕಲು ಹೋದರೆ ಕಸ್ತೂರಿ ಕೈ ಎತ್ತಿ ನನ್ನನ್ನು ತಡೆಯುತ್ತಾಳೆ. ನಾನು ಸುಮ್ಮನಾಗುತ್ತೇನೆ.